ಖಾಲಿ ಕುರ್ಚಿಗೆ ಒಂದು ಮಾತು

ವಿದ್ಯಾರ್ಥಿನಿಲಯದ ಮೂರನೇ ಬ್ಲಾಕಿನಿಂದ ದೂರು ಬರುವುದು ನಿಂತುಹೋಗಿತ್ತು. ಡೀನ್ ಕ್ಲೈವ್ ಓಲರ್ಟನ್‌ಗೆ ಅದೇ ಅನುಮಾನ.

ಗೋಡೆಯ ಬೂಷ್ಟು ನಿಂತಿರಲಿಲ್ಲ, ಚಾವಣಿಗೆ ಏರಿತ್ತು. ಮಕ್ಕಳ ಕೆಮ್ಮೂ ನಿಂತಿರಲಿಲ್ಲ. ಟಿಲ್ಲಿ ಎಂಬ ಹುಡುಗಿಯನ್ನು ಉಸಿರು ಸಿಗದೆ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಅವಳು ಇವತ್ತು ಸಂಜೆ ವಾಪಸು ಬರುವವಳು, ಅದೇ ಕೋಣೆಗೆ. ಅವಳಿಗೊಂದು ಒಣ ಕೋಣೆ ಕೊಡಿ ಎಂದು ಗೆಳೆಯರು ಕಚೇರಿಯ ಮುಂದೆ ಗಂಟಲು ಹರಿದುಕೊಂಡಿದ್ದರು. ಕಚೇರಿ ಉತ್ತರಿಸಿತ್ತು: ‘ತೇವದ ಜೊತೆಗಿನ ನಿಮ್ಮ ಸಂಬಂಧವನ್ನು ಕರುಣೆಯಿಂದ ನೋಡಿಕೊಳ್ಳಿ.’

ಅದರ ಬೆನ್ನಿಗೇ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಾಣಿಸಿತು. ಕರುಣೆಯ ವೃತ್ತ. ಗುಂಪು ಚಿಕಿತ್ಸೆ. ಪ್ರತಿ ಗುರುವಾರ ಮಧ್ಯಾಹ್ನ.

ಕೂಗು ಅಲ್ಲಿಗೆ ಅಡಗಿತು.

ಮನಶ್ಶಾಸ್ತ್ರ ವಿಭಾಗದವರು ತರಬೇತಿಯ ಯಾರನ್ನೋ ಬಿಟ್ಟಿಯಾಗಿ ಕಳಿಸಿರಬೇಕು ಎಂದುಕೊಂಡ ಕ್ಲೈವ್. ಕೇಳಲು ಹೋಗಲಿಲ್ಲ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸುವವನಲ್ಲ ಅವನು. ಬೇಸಿಗೆಯಲ್ಲಿ ಮಕ್ಕಳ ಆಪ್ತಸಲಹಾ ಕೇಂದ್ರಕ್ಕೆ ಕತ್ತರಿ ಹಾಕಿದ್ದೂ ಅವನೇ. ಈಗ ‘ಅತ್ಯಂತ ಕರುಣಾಮಯಿ ವಿಶ್ವವಿದ್ಯಾಲಯ’ ಪ್ರಶಸ್ತಿಗೆ ಅರ್ಜಿ ಹೋಗಿತ್ತು. ಸರಿಯಾದ ಹೊತ್ತಿಗೆ ಮಕ್ಕಳೇ ಬಂದು ಇವತ್ತಿನ ವೃತ್ತಕ್ಕೆ ಕರೆದರು. ಅನುಮಾನ ಒಂದು ಕಡೆ, ಪ್ರಶಸ್ತಿ ಇನ್ನೊಂದು ಕಡೆ. ಹೋದ.

ಬಾಗಿಲಲ್ಲಿ ಜಸ್‌ಲೀನ್ ಎಂಬ ವಿದ್ಯಾರ್ಥಿನಿ ಬೆತ್ತದ ಬುಟ್ಟಿ ಹಿಡಿದು ನಿಂತಿದ್ದಳು.

“ಫೋನು ಬುಟ್ಟಿಗೆ, ಸರ್. ಕೊರಳಲ್ಲಿರೋ ಕಾರ್ಡೂ.”

“ಕಾರ್ಡ್ ಯಾಕಮ್ಮ?”

“ಪದವಿ ಹೊರಗೇ ಇರ್ಬೇಕು ಅನ್ನೋದು ವೃತ್ತದ ನಿಯಮ. ನಾವೆಲ್ಲ ಹಾಕಿದೀವಿ, ನೋಡಿ.”

ಹಾಕಿದ್ದರು. ಅವರ ಕಾರ್ಡುಗಳು ತಂತಮ್ಮ ಒದ್ದೆ ಕೋಣೆಯನ್ನಷ್ಟೇ ತೆರೆಯುವಂಥವು. ಕ್ಲೈವನದು ಎಲ್ಲವನ್ನೂ ತೆರೆಯುತ್ತಿತ್ತು, ವಸಂತದಲ್ಲಿ ಬರುವ ಗಣ್ಯರಿಗಾಗಿ ಖಾಲಿಯಾಗಿ, ಬೆಚ್ಚಗೆ ಕಾದಿದ್ದ ಹೊಸ ಅತಿಥಿಗೃಹವನ್ನೂ. ಎಲ್ಲ ಒಂದೇ ಬುಟ್ಟಿಗೆ ಬಿದ್ದವು. ಇದೇ ಸಮಾನತೆ ಎಂದು ಅವನ ಮನಸ್ಸು ತುಂಬಿ ಬಂತು.

ಒಳಗೆ ಕುರ್ಚಿಗಳ ವೃತ್ತ. ಒಂದು ಕುರ್ಚಿ ಖಾಲಿ. ಅದರ ಬೆನ್ನಿಗೆ ಹಳದಿ ಸ್ವೆಟರೊಂದು ನೇತಾಡುತ್ತಿತ್ತು. ಎದುರಿಗೆ ವೃತ್ತ ನಡೆಸುವ, ಐವತ್ತು ದಾಟಿದ ಹೆಂಗಸು, ಹೆಸರು ಡೋರೀನ್. ಕಣ್ಣ ಕೆಳಗೆ ಕಪ್ಪು. ಕೈಯಿಂದ ಆಸ್ಪತ್ರೆಯ ಸೋಪಿನ ವಾಸನೆ. ತಡವಾಗಿ ಮನಶ್ಶಾಸ್ತ್ರ ಓದಲು ಬಂದವಳಿರಬೇಕು ಎಂದುಕೊಂಡ.

“ಬನ್ನಿ ಬಾತುಮರಿ, ಕೂತ್ಕೊಳ್ಳಿ.”

ಇಂಗ್ಲೆಂಡಿನ ಈ ಡರ್ಬಿ ಊರಲ್ಲಿ ಅದು ಅಕ್ಕರೆಯ ಕರೆ; ಮಾರುಕಟ್ಟೆಯಲ್ಲಿ ಮೊಟ್ಟೆ ಮಾರುವವಳಿಗೂ ಎಲ್ಲರೂ ಬಾತುಮರಿಗಳೇ. ಆದರೆ ಡೀನ್? ಕ್ಲೈವ್ ಹುಬ್ಬು ಗಂಟಿಕ್ಕಿದ. ಆಮೇಲೆ ಇದೂ ಚಿಕಿತ್ಸೆಯ ಹೊಸ ವಿಧಾನವಿರಬಹುದೆಂದು ಗಂಟು ಬಿಚ್ಚಿದ.

“ಹೋದ ವಾರ ಎಲ್ಲಿಗೆ ನಿಲ್ಲಿಸಿದ್ವಿ?” ಡೋರೀನ್ ಕೇಳಿದಳು.

ನಯಾಲ್ ಎಂಬ ಹುಡುಗ ಕೆಮ್ಮಿದ. “ಗೋಡೆ ಒದ್ದೆಯಾಗಿದ್ದು ನಮ್ಮ ತಪ್ಪಲ್ಲ.”

“ಅಲ್ಲ. ಆದ್ರೆ ಮುಂದೆ ಏನ್ ಮಾಡ್ಬೇಕು ಅನ್ನೋದು?”

“ನಮ್ಮ ಜವಾಬ್ದಾರಿ!” ಇಡೀ ವೃತ್ತ ಒಂದೇ ದನಿಯಲ್ಲಿ ಹೇಳಿತು.

ಕ್ಲೈವನ ಕಣ್ಣು ತೇವಗೊಂಡಿತು. ಆ ತೇವಕ್ಕೆ ಅವನ ತಕರಾರಿರಲಿಲ್ಲ.

“ಈಗ ಕುರ್ಚಿಯ ಆಟ,” ಎಂದಳು ಡೋರೀನ್, ಅವನತ್ತ ತಿರುಗಿ. “ಆ ಖಾಲಿ ಕುರ್ಚೀಲಿ ಉಸಿರು ಸಿಗದೆ ಒದ್ದಾಡ್ತಿರೋ ಒಂದು ಮಗು ಕೂತಿದೆ ಅಂದ್ಕೊಳ್ಳಿ. ಅದಕ್ಕೆ ಏನ್ ಹೇಳ್ತೀರಿ?”

ಕ್ಲೈವ್ ಗಂಟಲು ಸರಿಮಾಡಿಕೊಂಡ. ಇಂಥದ್ದರಲ್ಲಿ ಅವನು ಪಳಗಿದವನು. “ಮಗು, ನಿನ್ನ ಮೇಲೆ ನೀನೇ ಕರುಣೆ ತೋರಿಸ್ಕೋ. ನಿನ್ನೊಳಗೇ ಒಂದು ಬೆಚ್ಚಗಿನ ಜಾಗ ಇದೆ.”

“ಒಳಗಿಂದು ಇರ್ಲಿ. ಹೊರಗಿಂದು? ಒಣ ಕೋಣೆ ಕೊಡ್ತೀರಾ?”

“ಕೋಣೆ ನಿಯಮದ ವಿಷಯ. ಕರುಣೆಯದಲ್ಲ.”

“ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ.” ಅವಳ ದನಿ ಸಣ್ಣಗಾಗಿತ್ತು. ಬೇಡುವವಳ ದನಿ.

“ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರಲ್ಲ?”

ನಯಾಲ್ ನಕ್ಕ. ಡೋರೀನ್ ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿದಳು. ತಲೆಯಾಡಿಸಿದಳು.

“ಸರಿ. ಹಾಗಿದ್ರೆ ಎಲ್ರೂ ಕಣ್ಮುಚ್ಚಿ. ನಿಧಾನಕ್ಕೆ ಉಸಿರು ತಗೊಳ್ಳಿ. ಬಿಡಿ. ಬಾತುಮರಿ, ನಾನು ಹೇಳೋವರೆಗೂ ಕಣ್ಣು ಬಿಡ್ಬೇಡಿ. ಬಿಟ್ರೆ ಫಲ ಸಿಗಲ್ಲ.”

ಅವಳು ಉಸಿರು ಹೇಳಿಕೊಡುವುದು ಚೆನ್ನಾಗಿತ್ತು, ಯಾರದೋ ಉಸಿರಿಗೆ ಕಿವಿಗೊಟ್ಟೂ ಕೊಟ್ಟೂ ರೂಢಿಯಾದವಳ ಹಾಗೆ. ಕ್ಲೈವ್ ಹಗುರಾದ. ಪ್ರಶಸ್ತಿ ಸ್ವೀಕರಿಸುವಾಗಿನ ಭಾಷಣ ತಾನಾಗಿ ಮೂಡತೊಡಗಿತು. ಕುರ್ಚಿಗಳು ಮೆಲ್ಲಗೆ ಕಿರುಗುಟ್ಟಿದವು. ಸುತ್ತಲಿನ ಕೆಮ್ಮು ಒಂದೊಂದಾಗಿ ನಿಂತಿತು. ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು, ಕೊನೆಗೆ ನಯಾಲನದು. ಎಂಥ ಪವಾಡ! ಬೂಷ್ಟಿಗೆ ಕೈಹಚ್ಚದೆಯೇ ಕೆಮ್ಮು ವಾಸಿ!

“ಈಗ ಕಣ್ಣು ಬಿಡಿ.”

ಬಿಟ್ಟ. ವೃತ್ತದಲ್ಲಿ ಡೋರೀನ್ ಒಬ್ಬಳೇ. ಬುಟ್ಟಿಯಲ್ಲಿ ಅವನ ಫೋನು ಮಾತ್ರ. ಕಿಟಕಿಯಾಚೆ ಹುಲ್ಲುಹಾಸಿನ ಮೇಲೆ ಮಕ್ಕಳ ತಲೆಯೇರಿದ ಹಾಸಿಗೆಗಳು ಸಾಲಾಗಿ ನಡೆದು ಅತಿಥಿಗೃಹಕ್ಕೆ ಹೋಗುತ್ತಿದ್ದವು. ಅದರ ಬಾಗಿಲು ಹಿಡಿದು ನಿಂತ ಜಸ್‌ಲೀನಳ ಕೊರಳಲ್ಲಿ ಡೀನ್ ಸಾಹೇಬರ ಕಾರ್ಡು.

“ಇದಾ ನಿನ್ನ ಚಿಕಿತ್ಸೆ?” ಕ್ಲೈವ್ ಚೀರಿದ. “ಯಾವ ವಿಭಾಗದವಳು ನೀನು? ನಿನ್ನ ಪರವಾನಗಿ ರದ್ದು ಮಾಡಿಸ್ತೀನಿ!”

“ಪರವಾನಗಿ ಇದ್ದೋರನ್ನೆಲ್ಲ ಬೇಸಿಗೇಲೇ ಮನೆಗೆ ಕಳಿಸಿದ್ರಲ್ಲ ನೀವು. ಬೋರ್ಡಿಗೆ ಚೀಟಿ ಅಂಟಿಸಿದ್ದು ನಾನೇ.”

“ಮತ್ತೆ ಈ ಉಸಿರಾಟ, ಈ ಮಾತು... ಎಲ್ಲಿ ಕಲಿತೆ?”

“ಆಸ್ಪತ್ರೇಲಿ. ಮಂಚದ ಪಕ್ಕ ಕೂತು.”

ಅವಳು ಎದ್ದು, ಖಾಲಿ ಕುರ್ಚಿಯ ಹಳದಿ ಸ್ವೆಟರನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಳು. “ಬರ್ತೀನಿ ಬಾತುಮರಿ. ಟಿಲ್ಲಿ ಕಾಯ್ತಿರ್ತಾಳೆ. ಒಣ ಕೋಣೆ ಸಿಗದೆ ಕರ್ಕೊಂಡು ಹೋಗಲ್ಲ ಅಂತ ಮಾತು ಕೊಟ್ಟಿದ್ದೆ, ನನ್ನ ಮಗಳಿಗೆ.”