ಹುಣಸೆಹಣ್ಣಲ್ಲಿ ತಿಕ್ಕಿದ ಕಾರು

ಅಂಗಳದಲ್ಲಿ ಮೊಮ್ಮಗ ಗರಗರ ಅನ್ನುವ ಮೆಷಿನ್ನು ಹಿಡಿದು ಕಾರಿನ ಗೀರು ತೆಗೆಯುತ್ತಿದ್ದಾನೆ. ಆ ಮೇಣದ ವಾಸನೆಗೇ ನನ್ನ ತೋಳು ನೋಯುತ್ತದೆ.

ಯುದ್ಧದ ಕಾಲ, ನಾನಿನ್ನೂ ಹುಡುಗ. ಅಪ್ಪ ದೊಡ್ಡಬಳ್ಳಾಪುರದ ಸಾಹುಕಾರರೊಬ್ಬರ ಡ್ರೈವರು. ಆಯುಧಪೂಜೆಗೆ ತೊಳೆಯಲೆಂದು ಅವರ ಕಪ್ಪು ಕಾರನ್ನು ಮನೆಗೆ ತಂದಿದ್ದ. ಅವನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಅದನ್ನು ತಿಕ್ಕಿ ಮುಗಿಸಿದ್ದಳು.

"ಹಿತ್ತಾಳೆ ಬಿಂದಿಗೆ ಹಂಗೆ ಹೊಳೀಲಿ ಅಂತ ಕಣಪ್ಪಾ."

ಕಾರಿನ ತುಂಬ ಸುತ್ತುಸುತ್ತು ಗೀರು. ಅಪ್ಪನ ಮುಖ ಬೂದಿಯಾಯಿತು. "ಬಿಡವ್ವ, ಒಳಗೋಗು" ಅಂದ, ಅಷ್ಟೇ. ಮೇಣದ ಡಬ್ಬಿ ತೆಗೆದು, ಹಳೇ ಪಂಚೆ ಹರಿದು, ಒಂದು ತುಂಡು ನನಗೂ ಕೊಟ್ಟ.

ನಾನು ಸಾಹುಕಾರರನ್ನು ಅಣಕಿಸಿ ಮೂಗಲ್ಲಿ, "ಏನಯ್ಯಾ, ಮುದ್ದೆ ತಿಂದಿಲ್ವಾ?" ಅಂದೆ. ಆಮೇಲೆ ನನ್ನದೇ ಅಳುದನಿಯಲ್ಲಿ, "ಅಪ್ಪಾ, ಕೈ ಬಿದ್ಹೋಯ್ತು!"

"ಉಜ್ಜೋ ಮಂಗ. ಕೆಲಸ ಹೋದ್ರೆ ಆಮೇಲೆ ನಗೀವಂತೆ."

ಸಂಜೆ ಅಪ್ಪನ ಬೆರಳಿಗೆ ಮುದ್ದೆ ಮುರಿಯಲೂ ಆಗಲಿಲ್ಲ.

ಬೆಳಿಗ್ಗೆ ಬಂದ ಸಾಹುಕಾರರ ಕಣ್ಣು, ಕಾರಿನ ಹಿಂಬಾಗಿಲಲ್ಲಿ ಉಳಿದಿದ್ದ ಒಂದೇ ಸುತ್ತುಗೀರಿನ ಮೇಲೆ ನಿಂತಿತು. "ಯಾರ ಕೆಲಸ ಇದು?"

ಹೊಸ್ತಿಲಲ್ಲಿ ಅಜ್ಜಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಅಪ್ಪ ಅಂದ: "ನಂದೇ, ಬುದ್ಧಿ."

ಸಾಹುಕಾರರು ಅಂಗೈ ಚಾಚಿದರು. ಅಪ್ಪ ಕಾರಿನ ಬೀಗದಕೈ ಇಟ್ಟ. ಕೆಲಸ ಅಲ್ಲಿಗೆ ಹೋಯಿತು.

ಊರವರ ದನಿಯನ್ನೆಲ್ಲ ಅಣಕಿಸಿದ್ದೇನೆ. "ನಂದೇ, ಬುದ್ಧಿ" ಅಂದ ಆ ದನಿ ಮಾತ್ರ ನನಗೆ ಬರಲೇ ಇಲ್ಲ.