ಹೊಂಗೆ ಮರದಡಿಯ ಮಡಕೆ

"ನಿಜ ಹೇಳಕ್ಕ, ನನ್ನ ಹೊಲಕ್ಕೆ ಏನು ಹೊಡ್ದೆ?"

ಬದುವಿನ ಮೇಲೆ ನಿಂತು ಬೋರಲಿಂಗ ಗದರಿದ. ಬಿತ್ತಿ ಹತ್ತು ದಿನವಾದರೂ ಅವನ ಅಲಸಂದೆ ಒಂದು ಕಾಳೂ ಮೊಳೆತಿರಲಿಲ್ಲ. ಪಕ್ಕದ ಚೆನ್ನಾಜಮ್ಮನ ಹೊಲದಲ್ಲಿ ಅದೇ ದಿನ ಬಿತ್ತಿದ್ದು ಆಗಲೇ ನಾಲ್ಕೆಲೆ ಬಿಟ್ಟಿತ್ತು. ನ್ಯಾಯ ಹೇಳಲೆಂದು ಅವನು ಗೌಡರನ್ನೂ ಕರೆತಂದಿದ್ದ.

"ನಿನ್ನ ಹೊಲಕ್ಕೆ ನಾನ್ಯಾಕಪ್ಪ ಕಾಲಿಡ್ಲಿ?"

"ಹಂಗಾದ್ರೆ ಹೊಂಗೆ ಮರದಡಿ ಮಡಕೇಲಿ ಏನು ಮುಚ್ಚಿಟ್ಟಿದ್ದೆ? ಹೋದ್ವರ್ಷ ಬೀಜ ನೆನೆಸೋಕೆ ಬೀಜಾಮೃತ ಮಾಡ್ದಾಗ್ಲೂ ಹಿಂಗೇ ಮುಚ್ಚಿಟ್ಟೆ. ಒಂದು ಚೊಂಬು ಕೇಳಿದ್ರೂ ಕೊಡ್ಲಿಲ್ಲ."

"ಈ ಸಲ ನೀಲಗಿರಿ ಸೊಪ್ಪು ಕೊಳೆಹಾಕಿದ್ದೆ. ಸಾಲಿನ ನಡುವೆ ಚಿಮುಕಿಸಿದ್ರೆ ಕಳೆಬೀಜ ಮೊಳೆಯಾಕಿಲ್ಲ."

"ಕೇಳಿದ್ರಾ ಗೌಡ್ರೇ! ಮೊಳೆಯಾಕಿಲ್ವಂತೆ. ಅವಳ ಬಾಯಲ್ಲೇ ಬಂತು!"

ಗೌಡರು ಹುಬ್ಬು ಗಂಟಿಕ್ಕಿದರು. "ಎಲ್ಲೆಲ್ಲಿ ಚಿಮುಕಿಸ್ದೆ ಕಣವ್ವ?"

"ಎಲ್ಲಿ ಚಿಮುಕಿಸ್ಲಿ ಗೌಡ್ರೇ? ನನ್ನ ಹೊಲ ನೋಡಿ, ಅಲಸಂದೆಗಿಂತ ಕಳೆಯೇ ಎತ್ತರ ಎದ್ದದೆ. ಬಿತ್ತನೆಗೆ ಮುಂಚಿನ ದಿನ ಹೋಗಿ ನೋಡಿದ್ರೆ ಮಡಕೆ ಬರಿದಾಗಿತ್ತು. ಗಂಜಲದಲ್ಲಿ ಕೊಳೆಸಿದ್ದು, ದನ ಕೂಡ ಮೂಸಾಕಿಲ್ಲ. ಯಾವ ಪುಣ್ಯಾತ್ಮ ಹೊತ್ಕೊಂಡು ಹೋದ್ನೋ!"

ಗೌಡರು ಬೋರಲಿಂಗನ ಕಡೆ ತಿರುಗಿದರು. ಅವನು ತನ್ನ ಬರಿಯ ಹೊಲವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ:

"ಅಂದ್ರೆ… ಅದು ಬೀಜಾಮೃತ ಅಲ್ವಾ ಅಕ್ಕ?"