ನಾಲ್ಕನೇ ಹೆಜ್ಜೆ

ಕೋಲಾಟದ ಸ್ಪರ್ಧೆಗೆ ನಾನೇ ತೀರ್ಪುಗಾರ್ತಿ. ಕೊನೆಯ ತಂಡದ ಎಂಟು ಹುಡುಗಿಯರು ಚೆನ್ನಾಗಿಯೇ ಕುಣಿದರು. ಆದರೆ ಪ್ರತಿ ನಾಲ್ಕನೇ ಹೆಜ್ಜೆಗೆ ಎಂಟೂ ಜನ ಒಟ್ಟಿಗೆ ಎಡಗಾಲನ್ನು ನೆಲದ ಮೇಲೆ ಎಳೆಯುತ್ತಿದ್ದರು. ಮೂವತ್ತು ವರ್ಷದಿಂದ ಕೋಲಾಟ ಕಲಿಸುತ್ತಿರುವ ನನಗೆ ರೇಗಿಹೋಯಿತು. ಅಂಕದ ಹಾಳೆಯಲ್ಲಿ ಸೊನ್ನೆ ಸುತ್ತಿ, ಮೈಕ್ ಹಿಡಿದೇ ಕೇಳಿದೆ.

“ಇದ್ಯಾವ ಕುಂಟು ಕೋಲಾಟ? ಯಾರಮ್ಮ ಕಲಿಸಿದ್ದು?”

ಜನ ನಕ್ಕರು. ಸುಳ್ಳೇಕೆ, ಆ ನಗು ನನಗೆ ಹಿತವಾಗಿಯೇ ಇತ್ತು. ಮುಂದಿದ್ದ ಹುಡುಗಿ ತಲೆ ತಗ್ಗಿಸಿದಳು.

“ನಮ್ಮವ್ವ, ಮೇಡಂ.”

“ನಿಮ್ಮವ್ವನಿಗೆ ಯಾರು ಹೇಳ್ಕೊಟ್ರು? ಹೀಗೆ ಮನಸ್ಸಿಗೆ ಬಂದ ಹಾಗೆ ಕುಣಿದ್ರೆ ಹಿರಿಯರ ಕಲೆ ಉಳಿಯುತ್ತಾ?”

“ನೀವೇ, ಮೇಡಂ. ಅವ್ವ ಸ್ಕೂಲಲ್ಲಿದ್ದಾಗ ನಮ್ಮೂರಿಗೆ ಬಂದು ಮೂರು ದಿವ್ಸ ಕಲಿಸಿದ್ರಂತೆ. ನಾವು ಕಾಲೆಳೀದೆ ಕುಣಿದ್ರೆ ಅವ್ವ ಕೋಲಲ್ಲೇ ಬಾರಿಸ್ತಾಳೆ. ನಮ್ಮ ಮೇಡಂ ಹಿಂಗೇ ಕುಣೀತಿದ್ರು, ಒಂದು ಹೆಜ್ಜೇನೂ ಬದಲಾಯಿಸ್ಬೇಡಿ ಅಂತಾಳೆ.”

ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಎದ್ದು ನಿಂತು, ಮುಖ ತುಂಬ ನಗುತ್ತ ನನಗೆ ಕೈ ಮುಗಿದಳು. ಜನ ಈಗ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ನಾನು ಮೈಕ್ ಕೆಳಗಿಟ್ಟೆ. ಆ ಊರು ನೆನಪಾಗಿತ್ತು. ಬಸ್ಸಿಳಿದು ಎರಡು ಮೈಲಿ ನಡೆದು ಆ ಶಾಲೆ ಮುಟ್ಟುವಷ್ಟರಲ್ಲಿ, ನನ್ನ ಹೊಸ ಚಪ್ಪಲಿ ಎಡಗಾಲಿನ ಹಿಮ್ಮಡಿಯನ್ನು ಕಚ್ಚಿತ್ತು.